ದೇಶದಿಂದ ನಿಮಗೆ ಏನು ಬೇಕು? ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹುಡುಗ ಹುಡುಗಿಯರು ಬರೆಯಿರಿ

ಟೇಕಲ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ. ಜನವರಿ 26 ಹತ್ತಿರ ಬಂದರೆ ಕಾಲೇಜುಗಳಲ್ಲಿ ‘2047ರ ಭಾರತ’ ಅಂತ ಭಾಷಣ ಸ್ಪರ್ಧೆ ಇಡುತ್ತಾರೆ. ರಾಕೆಟ್ಟು, ಬುಲೆಟ್ ರೈಲು, ದೊಡ್ಡ ಆರ್ಥಿಕತೆ ಎಲ್ಲ ಬರುತ್ತದೆ. ಬರಲಿ, ಬೇಡ ಅನ್ನಲ್ಲ. ಆದರೆ ವೇದಿಕೆ ಇಳಿದ ಮೇಲೆ ಅದೇ ಹುಡುಗರನ್ನು ‘ನಿಮಗೆ ನಿಜವಾಗಿ ಏನು ಬೇಕು’ ಅಂತ ಕೇಳಿ ನೋಡಿ. ಒಬ್ಬಳಿಗೆ ಪರೀಕ್ಷೆ ಹೇಳಿದ ದಿನ ನಡೆಯಬೇಕು. ಒಬ್ಬನಿಗೆ ಬೆಂಗಳೂರಿನಲ್ಲಿ ಜಾತಿ ಕೇಳದೆ ಬಾಡಿಗೆ ಮನೆ ಸಿಗಬೇಕು. ಇನ್ನೊಬ್ಬಳಿಗೆ ಮನೆಯ ನಲ್ಲಿಯಲ್ಲಿ ಫ್ಲೋರೈಡ್ ಇಲ್ಲದ ನೀರು ಬರಬೇಕು.

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಜನವರಿ 26ರಿಂದ ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಇರುವುದಿಲ್ಲ, ಇದನ್ನು ಆದಷ್ಟು ಬೇಗ ಸರಿಪಡಿಸದಿದ್ದರೆ ನೊಂದವರೇ ಈ ಪ್ರಜಾಪ್ರಭುತ್ವವನ್ನು ಕೆಡವುತ್ತಾರೆ ಅನ್ನುವ ಅರ್ಥದಲ್ಲಿ. ಅವರು ಹೇಳಿ 75 ವರ್ಷ ದಾಟಿತು.

ನನ್ನ ಮಟ್ಟಿಗೆ ನ್ಯಾಯವಾದ ದೇಶ ಅಂದರೆ ಇಷ್ಟು: ನಿಯಮ ಎಲ್ಲರಿಗೂ ಒಂದೇ ಇರಬೇಕು, ಅದು ಮೊದಲೇ ಗೊತ್ತಿರಬೇಕು, ಮುರಿದವರು ಉತ್ತರ ಕೊಡಬೇಕು. ನಿಮ್ಮದು ಬೇರೆ ಇರಬಹುದು. ಒಂದೇ ಕೋರಿಕೆ, ನಿಮ್ಮ ಊರಿನಿಂದ, ನಿಮ್ಮ ಬದುಕಿನಿಂದ ಶುರು ಮಾಡಿ.

ಚಿಂತಾಮಣಿ ಸ್ಪರ್ಧಾರ್ಥಿ

ಅಕ್ಕ, ನನ್ನದು ‘ಪರೀಕ್ಷೆ ಹೇಳಿದ ದಿನ ನಡೆಯಬೇಕು’ ಅನ್ನುವ ಗುಂಪು. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಊರಿನ ಲೈಬ್ರರಿಗೆ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹುಡುಗರು ನಿಂತಿರುತ್ತಾರೆ. ಫ್ಯಾನ್ ಕೆಳಗಿನ ಕುರ್ಚಿಗೆ ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಾರೆ. ಒಂದು ಮಾಸಪತ್ರಿಕೆ ಕೊಂಡರೆ ನಾಲ್ಕೈದು ಜನ ಓದುತ್ತಾರೆ, ಕೊನೆಯವನ ಕೈಗೆ ಬರುವಷ್ಟರಲ್ಲಿ ಮೂರು ಬಣ್ಣದ ಪೆನ್ನಿನ ಗೆರೆ ಬಿದ್ದಿರುತ್ತದೆ. ಇಲ್ಲಿ ಕೂತವರಲ್ಲಿ ಅರ್ಧ ಜನ ರೇಷ್ಮೆ ಹುಳು ಸಾಕುವ ಮನೆಯವರು, ಇನ್ನರ್ಧ ಟೊಮೆಟೊ ಬೆಳೆಯುವವರು. ಗೂಡು ಬಿಡಿಸುವ ದಿನ, ಕಾಯಿ ಕೀಳುವ ದಿನ ಓದಿಗೆ ರಜೆ. ಇಂಥ ಹುಡುಗರಿಗೆ ಸರ್ಕಾರಿ ಕೆಲಸದ ಪರೀಕ್ಷೆಯೇ ಯಾಕೆ ಬೇಕು ಗೊತ್ತಾ? ಅಲ್ಲಿ ಯಾರ ಮಗ ಅಂತ ಕೇಳಲ್ಲ ಅನ್ನುವ ನಂಬಿಕೆ. ಬೇರೆ ಎಲ್ಲ ಕಡೆ ಕೇಳುತ್ತಾರೆ.

ಆ ನಂಬಿಕೆಗೆ ಏನಾಯ್ತು ನೋಡಿ. 545 ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಬ್ಲೂಟೂತ್ ಇಟ್ಟುಕೊಂಡು ಬರೆದದ್ದು, ಒಎಂಆರ್ ಶೀಟ್ ತಿದ್ದಿದ್ದು ಹೊರಬಂದು 2022ರ ಏಪ್ರಿಲ್‌ನಲ್ಲಿ ಪರೀಕ್ಷೆಯೇ ರದ್ದಾಯಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಐಪಿಎಸ್ ಅಧಿಕಾರಿಯನ್ನೇ ಬಂಧಿಸಿದರು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಕಳ್ಳತನ ಮಾಡಿದವರ ಜೊತೆ ಪ್ರಾಮಾಣಿಕವಾಗಿ ಓದಿ ಪಾಸಾದವರೂ ಮತ್ತೆ ಬರೆಯಬೇಕಾಯಿತು. ನಡುವೆ ಹೋದ ಎರಡು ವರ್ಷಕ್ಕೆ ಯಾರು ಹೊಣೆ?

ಆಮೇಲೆ ಕೆಎಎಸ್. 384 ಹುದ್ದೆ. 2024ರ ಆಗಸ್ಟ್ 27ರ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟದಾಗಿತ್ತು ಅಂದರೆ, ಕನ್ನಡದಲ್ಲಿ ಓದಿದವರು ಪ್ರಶ್ನೆ ಏನು ಅಂತ ತಿಳಿಯಲು ಪಕ್ಕದ ಇಂಗ್ಲಿಷ್ ನೋಡಬೇಕಿತ್ತು. ಡಿಸೆಂಬರ್ 29ಕ್ಕೆ ಮತ್ತೆ ಪರೀಕ್ಷೆ ಮಾಡಿದರು, ಮತ್ತೆ ತಪ್ಪು. ಕರ್ನಾಟಕದ ಆಡಳಿತ ನಡೆಸುವವರನ್ನು ಆರಿಸುವ ಪರೀಕ್ಷೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಹಿಂದೆ ಬೀಳುತ್ತಾರೆ ಅಂದರೆ ಇದಕ್ಕಿಂತ ನೋವು ಇನ್ನೇನಿದೆ? ಬೆಂಗಳೂರಿನ ವಿಜಯನಗರದಲ್ಲಿ ಪಿಜಿ ಹಿಡಿದು ಕೋಚಿಂಗ್‌ಗೆ ದುಡ್ಡು ಸುರಿಯುವ ಶಕ್ತಿ ಇರುವವನು ಇನ್ನೊಂದು ವರ್ಷ ಕಾಯುತ್ತಾನೆ. ನಮ್ಮ ಲೈಬ್ರರಿ ಹುಡುಗ ಮಂಡಿಯಲ್ಲಿ ಲೆಕ್ಕ ಬರೆಯಲು ಹೋಗುತ್ತಾನೆ. ತಡ ಎಲ್ಲರಿಗೂ ಆಗುತ್ತದೆ, ಏಟು ಮಾತ್ರ ಬಡವನಿಗೆ ಜಾಸ್ತಿ.

ನನಗೆ ಬೇಕಾದ ದೇಶದಲ್ಲಿ ವರ್ಷದ ಶುರುವಿನಲ್ಲೇ ಪರೀಕ್ಷಾ ವೇಳಾಪಟ್ಟಿ ಬರುತ್ತದೆ, ಹಾಗೇ ನಡೆಯುತ್ತದೆ. ಅಷ್ಟೇ.

ಶ್ರೀನಿವಾಸಪುರ ಮಾವು

ಚಿಂತಾಮಣಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. 2024ರ ಅಕ್ಟೋಬರ್‌ನಿಂದ ಹೊಸ ಅಧಿಸೂಚನೆಗಳನ್ನೇ ನಿಲ್ಲಿಸಿದ್ದರಲ್ಲ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಅಂತ. ಅದನ್ನೂ ಸೇರಿಸಿ.

ಚಿಂತಾಮಣಿ ಸ್ಪರ್ಧಾರ್ಥಿ

ಅದನ್ನು ಬೇಕೆಂದೇ ಬರೆಯಲಿಲ್ಲ, ಯಾಕೆಂದರೆ ಅದು ಬೇರೆ ವಿಷಯ. ಒಳಮೀಸಲಾತಿ ಮೂವತ್ತು ವರ್ಷದ ಹೋರಾಟ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಅಧಿಕಾರ ಇದೆ ಅಂದಿತು, ನಮ್ಮಲ್ಲಿ ತೀರ್ಮಾನ ಆಗಿದ್ದು 2025ರ ಆಗಸ್ಟ್‌ನಲ್ಲಿ. ಕಾದದ್ದು ಕಷ್ಟವೇ. ಆದರೆ ಮೀಸಲಾತಿಯ ಒಳಗೂ ತುತ್ತು ಸಿಗದೆ ಉಳಿದವರಿಗೆ ಪಾಲು ಕೊಡಲು ಕಾದದ್ದನ್ನೂ, ಕಳ್ಳರು ಪರೀಕ್ಷೆ ಮಾರಿದ್ದಕ್ಕೆ ಕಾದದ್ದನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡಲ್ಲ. ಕಾಯಿಸಿದ ಕಾಲಕ್ಕೆ ವಯೋಮಿತಿ ಸಡಿಲಿಸಬೇಕು, ಅದು ನ್ಯಾಯ.

ಗೌರಿಬಿದನೂರು ಮೇಷ್ಟ್ರು

ಮಕ್ಕಳೇ, ನಾನು ನಿವೃತ್ತ ಶಿಕ್ಷಕ. ನೀವು ಕರೆಯದೆ ಬಂದಿದ್ದೇನೆ, ಆದರೂ ಎರಡು ಮಾತು. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡ ಮನೆಯ ಹುಡುಗ. ಮುಂದೆ ಓದಬೇಕು ಅಂತ 1935ರಲ್ಲಿ ಬಸ್ಸಿಗೆ ದುಡ್ಡಿಲ್ಲದೆ ಗೌರಿಬಿದನೂರಿನಿಂದ ಬೆಂಗಳೂರಿಗೆ ನಡೆದೇ ಹೋದರು. ಭೌತವಿಜ್ಞಾನಿ ಆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು, ಕೊನೆಯವರೆಗೂ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕಿದರು. ನಮ್ಮದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿಸಿದರು. ಅಲ್ಲಿ ಸತ್ತವರು ಹಳ್ಳಿಯ ಸಾಮಾನ್ಯರು. ಆಗ ಏನೂ ಇರಲಿಲ್ಲ, ಹಠ ಇತ್ತು. ವ್ಯವಸ್ಥೆ ಸರಿಯಿಲ್ಲ ಅಂತ ಕೂತರೆ ಆಗಲ್ಲ. ಹಠ ಬೆಳೆಸಿಕೊಳ್ಳಿ ಅಂತ ನನ್ನ ಪ್ರಾರ್ಥನೆ.

ಮಾರಿಕುಪ್ಪಂ ಪ್ಯಾಸೆಂಜರ್

ಮೇಷ್ಟ್ರೇ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಎಚ್.ಎನ್. ಅವರ ಮೇಲೆ ನನಗೂ ಅಪಾರ ಗೌರವ. ಆದರೆ ಅವರ ಹಾಗೆ ನಡೆಯಲಾಗದೆ ಊರಲ್ಲೇ ಉಳಿದ ಹುಡುಗರ ಕಥೆ ಯಾರೂ ಬರೆಯಲಿಲ್ಲ. ಅವರಲ್ಲೂ ಬುದ್ಧಿವಂತರು ಇದ್ದರು. ನಡೆದವರೊಬ್ಬರು ಗೆದ್ದರು ಅಂತ ನಡೆಸುವುದೇ ಸರಿ ಅಂತ ಆಗಲ್ಲ ಅಲ್ವಾ?

ನಾನು ಕೆಜಿಎಫ್‌ನವನು. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಗಣಿ ಕಾರ್ಮಿಕ. ಶಿವನಸಮುದ್ರದಿಂದ 1902ರಲ್ಲೇ ನಮ್ಮ ಊರಿಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲು. ಆ ಕರೆಂಟ್ ಬಂದಿದ್ದು ಗಣಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದವರ ಎದೆಯಲ್ಲಿ ಕಲ್ಲಿನ ದೂಳು ಉಳಿಯಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದರು. ಮುಚ್ಚಿದ ಮೇಲೆ ಊರು ಹೇಗೆ ಬದುಕಬೇಕು ಅನ್ನುವುದಕ್ಕೆ ಇವತ್ತಿಗೂ ಉತ್ತರ ಇಲ್ಲ. ಉತ್ತರ ಕೊಟ್ಟಿದ್ದು ರೈಲು. ಬೆಳಗಿನ ಜಾವದ ರೈಲಿನಲ್ಲಿ ಸಾವಿರಾರು ಜನ ಬೆಂಗಳೂರಿಗೆ ಹೋಗುತ್ತೇವೆ. ಹೌಸ್‌ಕೀಪಿಂಗ್, ಸೆಕ್ಯುರಿಟಿ, ಡೇಟಾ ಎಂಟ್ರಿ, ಆಸ್ಪತ್ರೆ ಕೆಲಸ. ಬಂಗಾರಪೇಟೆ ದಾಟಿದ ಮೇಲೆ ಕಾಲಿಡಲು ಜಾಗ ಇರಲ್ಲ. ಬಾಗಿಲ ಪಕ್ಕ ನಿಂತೇ ನಿದ್ದೆ ಮಾಡುವುದನ್ನು ಕಲಿತಿದ್ದೇವೆ. ಸಂಜೆ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ.

ಹಠಕ್ಕೆ ನಮ್ಮಲ್ಲಿ ಕೊರತೆ ಇಲ್ಲ ಮೇಷ್ಟ್ರೇ. ಆ ಹಠದ ಅರ್ಧವಾದರೂ ಓದಿಗೆ, ಆಟಕ್ಕೆ, ಮನೆಯವರಿಗೆ ಉಳಿಯಲಿ ಅಂತ ನನ್ನ ಆಸೆ. ಕೆಲಸ ಇರುವ ಕಡೆಗೆ ನಾವು ಎಷ್ಟು ಕಾಲ ಓಡಬೇಕು? ಕೆಲಸ ನಾವು ಇರುವ ಕಡೆಗೆ ಬರಬಾರದಾ?

ಗೌರಿಬಿದನೂರು ಮೇಷ್ಟ್ರು

ಬೇಜಾರು ಯಾಕಪ್ಪ, ಖುಷಿಯಾಯಿತು. ನಿನ್ನ ಮಾತು ಒಪ್ಪುತ್ತೇನೆ, ಒಂದು ಸೇರಿಸುತ್ತೇನೆ. ನಡೆದು ಹೋದವರು ದೊಡ್ಡವರಾದ ಮೇಲೆ ನಡೆದದ್ದನ್ನೇ ಹೇಳಿಕೊಂಡು ಕೂರಲಿಲ್ಲ. ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ತರಲು ದುಡಿದರು. ಬಾಗೇಪಲ್ಲಿಯ ಹುಡುಗಿ ಮನೆಯಿಂದಲೇ ಹೋಗಿ ಬಿ.ಎಸ್ಸಿ. ಮಾಡುವ ಹಾಗಾಯಿತು. ನಾನು ಆ ಭಾಗವನ್ನು ಮೊದಲು ಹೇಳಬೇಕಿತ್ತು.

ಬಾಗೇಪಲ್ಲಿ ಅಕ್ಕ

ಮೇಷ್ಟ್ರೇ, ಆ ಹುಡುಗಿಯರಲ್ಲಿ ನಾನೂ ಒಬ್ಬಳು! ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಲಸ ಕೇಳಲು ಹೋದರೆ ಇಂಗ್ಲಿಷ್. ಒಂದೊಂದು ಮೆಟ್ಟಿಲಿಗೂ ಒಂದು ಭಾಷೆ ಕಲಿಯುವ ಮಕ್ಕಳು ನಾವು. ಅದನ್ನು ಯಾರೂ ಪ್ರತಿಭೆ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಉಚ್ಚಾರಣೆ ಸರಿಯಿಲ್ಲ ಅನ್ನುತ್ತಾರೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ನಾನು ಬಿ.ಇಡಿ. ಸೇರಿದ್ದು ಅದರಿಂದಲೇ. ಓದಿಸುವ ಮನಸ್ಸು ಅಪ್ಪನಿಗೆ ಇತ್ತು, ಬಸ್ ಚಾರ್ಜು ಇರಲಿಲ್ಲ. ಬಿಟ್ಟಿ ಬಸ್ಸು ಅಂತ ಹೀಗಳೆಯುವವರು ನಮ್ಮ ಕಡೆಯ ಕೂಲಿ ಮನೆಯಲ್ಲಿ ಒಂದು ತಿಂಗಳು ಲೆಕ್ಕ ಬರೆದು ನೋಡಲಿ. ಬಸ್ಸು ಹತ್ತಲು ಗಂಡನನ್ನು, ಅಪ್ಪನನ್ನು ದುಡ್ಡು ಕೇಳುವುದು ತಪ್ಪಿದರೆ ಹೆಣ್ಣುಮಕ್ಕಳ ಮುಖ ಹೇಗೆ ಬದಲಾಗುತ್ತದೆ ಅಂತ ನಾನು ದಿನವೂ ಕಾಣುತ್ತೇನೆ.

ಶ್ರೀನಿವಾಸಪುರ ಮಾವು

ಅಕ್ಕ, ಒಪ್ಪುತ್ತೇನೆ. ಆದರೆ ಅದೇ ಬಸ್ಸಿನಲ್ಲಿ ಕೂಲಿಯವನ ಮಗನೂ ಕಾಲೇಜಿಗೆ ಹೋಗುತ್ತಾನೆ. ಅವನು ಪಾಸ್‌ಗೆ ದುಡ್ಡು ಕಟ್ಟಬೇಕು.

ಬಾಗೇಪಲ್ಲಿ ಅಕ್ಕ

ಓದುವ ಮಕ್ಕಳೆಲ್ಲರಿಗೂ ಉಚಿತ ಕೊಡಲಿ. ನಮ್ಮದನ್ನು ಕಿತ್ತು ಕೊಡುವುದು ಬೇಡ, ಅಷ್ಟೇ.

ವೇಮಗಲ್ ಎ ಶಿಫ್ಟ್

ಎಲ್ಲರದ್ದೂ ಓದಿದೆ. ಕೆಲಸ ಇರುವ ಕಡೆಗೆ ಓಡಬೇಕಾ ಅಂತ ಕೆಜಿಎಫ್ ಅಣ್ಣ ಕೇಳಿದ್ದಾರೆ. ನಮ್ಮ ಕಡೆ ಕೆಲಸ ಬಂದಿದೆ ಅಣ್ಣ. ನರಸಾಪುರ, ವೇಮಗಲ್, ಮಾಲೂರು ಎಲ್ಲ ಕಡೆ ಕಾರ್ಖಾನೆ. ಬಂದ ಮೇಲೆ ಏನು ಅನ್ನುವುದನ್ನು ನಾನು ಹೇಳುತ್ತೇನೆ.

ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿ ಒಂದು ಕಂಪನಿಯ ಲೈನಿನಲ್ಲಿ ಕೆಲಸ ಮಾಡುತ್ತೇನೆ. ಹೆಸರು ಬೇಡ. ಎ ಶಿಫ್ಟ್ ಇದ್ದರೆ ಇನ್ನೂ ಕತ್ತಲೆ ಇರುವಾಗಲೇ ಊರ ಗೇಟಿನಲ್ಲಿ ಕಂಪನಿ ಬಸ್ಸಿಗೆ ನಿಲ್ಲಬೇಕು. ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಸಂಬಳ ನನ್ನ ಖಾತೆಗೆ ಬರುತ್ತದೆ. ತಮ್ಮನ ಫೀಸು ನಾನೇ ಕಟ್ಟಿದೆ. ಮದುವೆಗೆ ಇನ್ನೂ ಎರಡು ವರ್ಷ ಬೇಡ ಅಂತ ಹೇಳಿದೆ, ಮನೆಯಲ್ಲಿ ಕೇಳಿದರು. ನಮ್ಮ ಅಮ್ಮನಿಗೆ ಆ ಮಾತು ಆಡುವ ಧೈರ್ಯ ಇರಲಿಲ್ಲ. ಕಾರ್ಖಾನೆ ಬರಬಾರದಿತ್ತು ಅಂತ ನಾನು ಯಾವತ್ತೂ ಹೇಳಲ್ಲ.

ಇನ್ನು ಕಷ್ಟ. ನಮ್ಮ ಬೆಂಚಿನಲ್ಲಿ ಮೂವರು ಅಕ್ಕಪಕ್ಕ ಕೂರುತ್ತೇವೆ. ಮೂವರದೂ ಒಂದೇ ಕೆಲಸ, ಗಂಟೆಗೆ ಒಂದೇ ಟಾರ್ಗೆಟ್. ಒಬ್ಬಳ ಕೊರಳಲ್ಲಿ ನೀಲಿ ಟ್ಯಾಗ್, ಅವಳು ಕಂಪನಿ ರೋಲ್. ನಮ್ಮಿಬ್ಬರದು ಹಳದಿ, ಏಜೆನ್ಸಿ. ಅವಳ ಸಂಬಳ ಬೇರೆ, ರಜೆ ಬೇರೆ. ಹುಷಾರಿಲ್ಲ ಅಂತ ಅವಳು ಮನೆಯಲ್ಲಿ ಉಳಿದರೆ ರಜೆ, ನಾವು ಉಳಿದರೆ ಸಂಬಳ ಕಟ್. ನಮಗೆ ಪೇ ಸ್ಲಿಪ್ ಕಾಗದದಲ್ಲಿ ಕೊಡಲ್ಲ. ಫೋನಿಗೆ ಒಂದು ಮೆಸೇಜ್ ಬರುತ್ತದೆ, ಅದರಲ್ಲಿ ಒಟ್ಟು ಮೊತ್ತ, ಕೆಳಗೆ ‘ಇತರೆ ಕಡಿತ’ ಅಂತ ಒಂದು ಸಾಲು. ಆ ಇತರೆ ಅಂದರೆ ಯಾವುದು ಅಂತ ಕೇಳಿದರೆ ಸೂಪರ್‌ವೈಸರ್ ಏಜೆನ್ಸಿ ಕಡೆ ಕೈ ತೋರಿಸುತ್ತಾರೆ. ಏಜೆನ್ಸಿಯವರು ಫೋನ್ ಎತ್ತಲ್ಲ. ಜಾಸ್ತಿ ಕೇಳಿದವರ ಕಾರ್ಡು ಮುಂದಿನ ತಿಂಗಳು ಗೇಟಿನಲ್ಲಿ ಬೀಪ್ ಆಗಲ್ಲ.

2020ರ ಡಿಸೆಂಬರ್ 12ಕ್ಕೆ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಆದ ಗಲಾಟೆ ಎಲ್ಲರಿಗೂ ನೆನಪಿದೆ. ಗಾಜು ಒಡೆದ ವಿಡಿಯೊ ಎಲ್ಲರೂ ನೋಡಿದರು. ಒಡೆದದ್ದು ತಪ್ಪು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ ಸಂಬಳ ಸಿಕ್ಕಿರಲಿಲ್ಲ ಅಂತ ಆಗಿನ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಆ ಸುದ್ದಿ ಎಷ್ಟು ಜನ ಓದಿದರು? ಮೊದಲೇ ಒಬ್ಬರು ಕೂತು ಲೆಕ್ಕ ತೋರಿಸಿದ್ದರೆ ಅಲ್ಲಿವರೆಗೆ ಹೋಗುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ.

ನನಗೆ ಬೇಕಾಗಿರುವುದು ಒಂದೇ ಕೆಲಸಕ್ಕೆ ಒಂದೇ ಸಂಬಳ, ಮತ್ತೆ ಕಾಗದದ ಮೇಲೆ ಲೆಕ್ಕ.

ಕಾನೂನು ಕಲಿಯುವವನು

ವೇಮಗಲ್ ಅಕ್ಕ, ನಾನು ಎಲ್‌ಎಲ್‌ಬಿ ಕೊನೆಯ ವರ್ಷ. ಕೆಲವು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕಾತಿ ಪತ್ರ ಕೊಡಲೇಬೇಕು. ನಿಮ್ಮ ಕೈಯಲ್ಲಿ ಅದು ಇದೆಯಾ ನೋಡಿ. ಓವರ್‌ಟೈಮ್‌ಗೆ ಮಾಮೂಲಿ ದರದ ಎರಡರಷ್ಟು ಕೊಡಬೇಕು, ಇದು 1948ರ ಕಾರ್ಖಾನೆ ಕಾಯ್ದೆಯಿಂದಲೂ ಇದೆ. ಪಿಎಫ್ ಹಿಡಿಯುತ್ತಿದ್ದರೆ ನಿಮಗೆ ಒಂದು ಯುಎಎನ್ ನಂಬರ್ ಇರಬೇಕು. ಉಮಂಗ್ ಆ್ಯಪ್‌ನಲ್ಲಿ ಅದನ್ನು ಹಾಕಿ ತಿಂಗಳು ತಿಂಗಳು ದುಡ್ಡು ಜಮಾ ಆಗಿದೆಯಾ ನೋಡಬಹುದು. ಎಷ್ಟೋ ಕಡೆ ಸಂಬಳದಲ್ಲಿ ಹಿಡಿಯುತ್ತಾರೆ, ಅಲ್ಲಿ ಕಟ್ಟಿರಲ್ಲ. ಹೊಸ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ದೊಡ್ಡ ತಕರಾರು ಇದೆ, ಮುಷ್ಕರದ ಹಕ್ಕು ಕುಗ್ಗುತ್ತದೆ ಅಂತ. ನನಗೂ ಆ ಆತಂಕ ಇದೆ. ಆದರೆ ಇರುವ ಕಲಂ ಬಳಸದೆ ಬಿಡಬೇಡಿ.

ವೇಮಗಲ್ ಎ ಶಿಫ್ಟ್

ನೇಮಕಾತಿ ಪತ್ರ ಇಲ್ಲ. ಯುಎಎನ್ ಇದೆ, ಇವತ್ತು ರಾತ್ರಿ ನೋಡುತ್ತೇನೆ. ಥ್ಯಾಂಕ್ಸ್ ತಮ್ಮಾ.

ಮಾಲೂರು ನೀಲಿ

ಇಲ್ಲಿಯವರೆಗೆ ಯಾರೂ ಹೇಳದ್ದನ್ನು ನಾನು ಹೇಳುತ್ತೇನೆ. ಜಾತಿ. ನಮ್ಮ ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಒಬ್ಬ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಅವನ ತಾಯಿ ದುಡಿದು ಮನೆ ನಡೆಸುವವರು. ಅವರು ಮನೆಯಲ್ಲಿದ್ದ ದೇವರ ಫೋಟೊಗಳನ್ನು ತೆಗೆದು ಅಂಬೇಡ್ಕರ್ ಫೋಟೊ ಇಟ್ಟರು ಅಂತ ಪತ್ರಿಕೆಯಲ್ಲಿ ಬಂತು. 2023ರ ಡಿಸೆಂಬರ್‌ನಲ್ಲಿ ಇದೇ ತಾಲ್ಲೂಕಿನ ಸರ್ಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಬಂತು. ಅಮಾನತು, ಬಂಧನ ಎಲ್ಲ ಆಯಿತು. 2013ರಲ್ಲೇ ಆ ಕೆಲಸ ಮಾಡಿಸುವುದನ್ನು ನಿಷೇಧಿಸುವ ಕಾಯ್ದೆ ಬಂದಿದೆ. ಹತ್ತು ವರ್ಷ ಆದ ಮೇಲೂ ಶಾಲೆಯ ಒಳಗೇ ಹೀಗೆ.

ಕಂಬಾಲಪಲ್ಲಿ ಮರೆತವರಿಗೆ ನೆನಪಿಸುತ್ತೇನೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತಿದ್ದು ನಿಜ, ಕೊಂದವರು ಮಾತ್ರ ಯಾರೂ ಇಲ್ಲ. ನಾನು ಆಗ ಇನ್ನೂ ಹುಟ್ಟಿರಲಿಲ್ಲ. ಆದರೂ ನ್ಯಾಯ ಅನ್ನುವ ಪದ ಕೇಳಿದಾಗ ನನಗೆ ಮೊದಲು ನೆನಪಾಗುವುದು ಆ ಊರು.

ಟೇಕಲ್ ಹುಡುಗಿ ಕೇಳಿದ್ದಾಳೆ, ಮುರಿದವರು ಉತ್ತರ ಕೊಡಬೇಕು ಅಂತ. ಯಾರಿಗೆ ಕೊಡಬೇಕು ಅನ್ನುವುದನ್ನೂ ಸೇರಿಸು ತಂಗಿ. ನಮಗೆ ಕೊಡಬೇಕು.

ಶ್ರೀನಿವಾಸಪುರ ಮಾವು

ನೊಂದಿದ್ದೀರಿ ಅಂತ ಗೊತ್ತಾಗುತ್ತದೆ. ಆದರೆ ಒಂದು ಮಾತು ಕೇಳಲೇಬೇಕು. ಎಲ್ಲ ಚರ್ಚೆಯೂ ಕೊನೆಗೆ ಜಾತಿಗೇ ಬರಬೇಕಾ? ನಮ್ಮದು ಮೀಸಲಾತಿ ಇಲ್ಲದ ಮನೆಯಲ್ಲ, ದೊಡ್ಡ ಮನೆಯೂ ಅಲ್ಲ. ಒಂದೂವರೆ ಎಕರೆ ಮಾವು. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಬಿದ್ದು, ಚಿತ್ತೂರು ಕಡೆ ನಮ್ಮ ಕಾಯಿಯನ್ನೇ ಬಿಟ್ಟುಕೊಳ್ಳಲಿಲ್ಲ. ಕಿತ್ತ ಕೂಲಿಯೂ ಹುಟ್ಟಲಿಲ್ಲ. ಅಪ್ಪ ಮಂಡಿಯಿಂದ ಬಂದು ಊಟ ಬಿಟ್ಟು ಮಲಗಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಜಾತಿ ಇರಲಿಲ್ಲ, ಸಾಲ ಇತ್ತು.

ಮಾಲೂರು ನೀಲಿ

ಅಣ್ಣ, ನಿಮ್ಮಪ್ಪನ ಕಷ್ಟವನ್ನು ನಾನು ಚಿಕ್ಕದು ಅನ್ನಲ್ಲ. ಬೆಂಬಲ ಬೆಲೆಗೆ ನೀವು ರಸ್ತೆಗೆ ಇಳಿದರೆ ನಿಮ್ಮ ಪಕ್ಕ ನಾನೂ ನಿಲ್ಲುತ್ತೇನೆ, ಇದು ಮಾತಿಗೆ ಹೇಳುತ್ತಿಲ್ಲ. ಆದರೆ ನಿಮ್ಮ ತೋಟದಲ್ಲಿ ಕಾಯಿ ಕಿತ್ತವರಿಗೂ ಆ ವರ್ಷ ಕೂಲಿ ಸರಿಯಾಗಿ ಹುಟ್ಟಲಿಲ್ಲ. ಅವರಿಗೆ ಒಂದೂವರೆ ಎಕರೆಯೂ ಇಲ್ಲ. ಯಾಕಿಲ್ಲ ಅಂತ ಕೇಳುತ್ತಾ ಹೋದರೆ ನಿಮ್ಮ ಮನೆಯ ಸಾಲ, ನಮ್ಮ ಮನೆಯ ಜಾತಿ ಎರಡೂ ಸಿಗುತ್ತವೆ. ಒಂದನ್ನು ಹೇಳುವುದಕ್ಕೆ ಇನ್ನೊಂದನ್ನು ಮುಚ್ಚಬೇಕಿಲ್ಲ.

ಶ್ರೀನಿವಾಸಪುರ ಮಾವು

ಇದನ್ನು ಯೋಚಿಸುತ್ತೇನೆ. ಎಲ್ಲಕ್ಕೂ ಈಗಲೇ ಒಪ್ಪಿದೆ ಅನ್ನಲ್ಲ. ಕಾಯಿ ಕೀಳುವವರ ಬಗ್ಗೆ ನೀವು ಹೇಳಿದ್ದು ನಿಜ.

ಪಾವಗಡ ಬಿಸಿಲು

ತುಮಕೂರು ಜಿಲ್ಲೆಯಿಂದ ನಾನೊಬ್ಬ ಬರಬಹುದಾ? ಭೂಮಿ ಇಲ್ಲದವರ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ತಿರುಮಣಿ ಸುತ್ತಮುತ್ತ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ. 2,050 ಮೆಗಾವಾಟ್. ರೈತರಿಂದ ಭೂಮಿ ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಏರಿಕೆ. ಬರಗಾಲದ ಸೀಮೆಯಲ್ಲಿ ಮಳೆ ನಂಬದೆ ದುಡ್ಡು ಬರುವುದು ದೊಡ್ಡ ಮಾತು. ಭೂಮಿ ಇದ್ದವರಿಗೆ ಇದು ನ್ಯಾಯವಾಗಿಯೇ ನಡೆಯಿತು ಅಂತ ನನ್ನ ಅಭಿಪ್ರಾಯ.

ಆದರೆ ಆ ಹೊಲಗಳಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರಿಗೆ ಏನು? ಗುತ್ತಿಗೆ ಪತ್ರದಲ್ಲಿ ಅವರ ಹೆಸರಿಲ್ಲ. ಕುರಿ ಮೇಯಿಸಲು ಬಯಲಿಲ್ಲ. ಪ್ಯಾನಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಾಲಲಿಲ್ಲ. ಮುಂದೆ ದೇಶದ ತುಂಬ ಸೋಲಾರ್ ಬರುತ್ತದೆ, ಬರಲೇಬೇಕು. ಭೂಮಿ ಇಲ್ಲದ ಮನೆಗೂ ಒಂದು ಪಾಲು ಅಂತ ಮೊದಲ ದಿನವೇ ಬರೆದಿಟ್ಟರೆ ನನ್ನ ಆಸೆ ಈಡೇರಿದ ಹಾಗೆ.

ಮುಳಬಾಗಿಲು ಬೋರ್‌ವೆಲ್

ನೀರಿನ ಬಗ್ಗೆ ಯಾರೂ ಬರೆಯಲಿಲ್ಲವಲ್ಲ! ಕೆ.ಸಿ. ವ್ಯಾಲಿ ನೀರು 2018ರ ಜೂನ್‌ನಲ್ಲಿ ಬಂತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಾರೆ. ಮೊದಲ ಹಂತಕ್ಕೆ ದಿನಕ್ಕೆ 440 ದಶಲಕ್ಷ ಲೀಟರ್ ಅಂತ ಯೋಜನೆ. ಸಾವಿರ ಅಡಿ ಕೊರೆದರೂ ದೂಳು ಬರುತ್ತಿದ್ದ ಕಡೆ ಬೋರ್‌ವೆಲ್ ಮತ್ತೆ ಜೀವ ಹಿಡಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ನೀರೇ ಬೇಡ ಅನ್ನುವವರ ಜೊತೆ ನಾನಿಲ್ಲ. ನಮ್ಮ ಬೇಡಿಕೆ ಮೂರನೇ ಹಂತದ ಶುದ್ಧೀಕರಣ. ಆ ನೀರು ಭೂಮಿಗೆ ಇಳಿಯುತ್ತದೆ, ಅದೇ ಭೂಮಿಯ ನೀರನ್ನು ನಾವು ಕುಡಿಯುತ್ತೇವೆ, ಅದೇ ನೀರಿನ ಸೊಪ್ಪು, ಟೊಮೆಟೊ ಬೆಂಗಳೂರಿಗೇ ವಾಪಸ್ ಹೋಗುತ್ತದೆ. ರಾಜಧಾನಿಯವರ ಮಕ್ಕಳಿಗೆ ಒಂದು ಗುಣಮಟ್ಟ, ನಮ್ಮ ಮಕ್ಕಳಿಗೆ ಇನ್ನೊಂದು ಇರಬಾರದು.

ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಮುದ್ದೇನಹಳ್ಳಿಯಲ್ಲಿ ಶಂಕುಸ್ಥಾಪನೆ ಆಗಿತ್ತು. 2024ರ ಗೌರಿ ಹಬ್ಬದ ದಿನ ಮೊದಲ ಹಂತ ಉದ್ಘಾಟನೆ ಮಾಡಿದರು, ಅದೂ ಸಕಲೇಶಪುರದ ಕಡೆ. ಆ ಕಡೆಯ ಜನ ಕಾಡು ಹೋಯಿತು ಅಂತ ಅಳುತ್ತಾರೆ, ನಾವು ನೀರು ಬರಲಿಲ್ಲ ಅಂತ ಅಳುತ್ತೇವೆ. ಇಬ್ಬರ ಮಕ್ಕಳೂ ಒಂದು ಕಡೆ ಕೂತು ಮಾತಾಡಿದ್ದನ್ನು ನಾನು ನೋಡಿಲ್ಲ. ಆಗಬೇಕು.

ಮಾರಿಕುಪ್ಪಂ ಪ್ಯಾಸೆಂಜರ್

ನನ್ನ ಜೊತೆ ಓದಿದವರಲ್ಲಿ ಸುಮಾರು ಜನ ಕೆನಡಾ, ದುಬೈ ಅಂತ ಹೋದರು. ‘ಇಲ್ಲಿ ಆಗಲ್ಲ ಮಚ್ಚಾ’ ಅನ್ನುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ನನಗೆ ಮಾತ್ರ ಇಲ್ಲೇ ಆಗಬೇಕು.

ಟೇಕಲ್ ಹುಡುಗಿ

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಕೈ ಮುಗಿಯುತ್ತೇನೆ. ನೀಲಿ ಅಕ್ಕ ಸೇರಿಸಿದ್ದನ್ನು ನನ್ನ ಮಾತಿಗೆ ಸೇರಿಸಿಕೊಂಡಿದ್ದೇನೆ. ಈಗ ಒಂದು ಪ್ರಶ್ನೆ. ಪರೀಕ್ಷೆ, ಸಂಬಳ, ನೀರು, ದಂಡ, ಗುತ್ತಿಗೆ, ಎಲ್ಲದರಲ್ಲೂ ‘ಕೇಳಿದರೆ ಯಾರೂ ಹೇಳಲ್ಲ’ ಅನ್ನುವುದು ಬಂತು. ಹಾಗಾದರೆ ಕೇಳುವ ಜಾಗ ಎಲ್ಲಿದೆ? ಇರುವ ಜಾಗವನ್ನು ನಾವು ಬಳಸುತ್ತಿದ್ದೇವಾ?

ಅರಿವು ಕೇಂದ್ರ

ನಾನು ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ, ಈಗ ಅರಿವು ಕೇಂದ್ರ ಅಂತಾರೆ. ಆರು ತಿಂಗಳಿಗೊಮ್ಮೆ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಬೇಕು ಅಂತ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಬರುವವರು ಯಾರು ಗೊತ್ತಾ? ಮನೆ ಬೇಕು ಅನ್ನುವ ಅಜ್ಜಿಯರು, ಬಿಲ್ ಆಗಬೇಕಾದ ಕಂಟ್ರಾಕ್ಟರು. ಓದಿದ ಹುಡುಗರು ಹೊರಗೆ ಬೈಕ್ ಮೇಲೆ ಕೂತಿರುತ್ತಾರೆ. ಒಳಗೆ ಬಂದು ಒಂದು ಪ್ರಶ್ನೆ ಕೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಅದು ದಾಖಲೆ. 18 ತುಂಬಿದರೆ ವೋಟು, 21 ತುಂಬಿದರೆ ನೀವೇ ಸದಸ್ಯರಾಗಿ ನಿಲ್ಲಬಹುದು, ನಮ್ಮ ರಾಜ್ಯದ ಪಂಚಾಯಿತಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಸೀಟು. ಮುಂದಿನ ಚುನಾವಣೆಗೆ ಈ ಚರ್ಚೆಯಲ್ಲಿರುವ ಅಕ್ಕಂದಿರಲ್ಲಿ ಒಬ್ಬರಾದರೂ ನಿಲ್ಲಿ ಅಂತ ನನ್ನ ಮನಸಾರೆ ಬೇಡಿಕೆ.

ಮಾಲೂರು ನೀಲಿ

ನಮ್ಮ ಕಡೆ ಸಭೆಯಲ್ಲಿ ಎದ್ದು ನಿಂತು ಪ್ರಶ್ನೆ ಕೇಳಿದರೆ ಮಾರನೆಯ ದಿನ ಕೂಲಿಗೆ ಕರೆಯಲ್ಲ. ಅದನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಿ. ಒಬ್ಬರೇ ಹೋಗಬಾರದು, ಗುಂಪಾಗಿ ಹೋಗಬೇಕು.

ಬಾಗೇಪಲ್ಲಿ ಅಕ್ಕ

ನಿಲ್ಲುವ ಬಗ್ಗೆ ಮನೆಯಲ್ಲಿ ಮಾತಾಡುತ್ತೇನೆ. ನಿಜವಾಗಿ.

ಕಾನೂನು ಕಲಿಯುವವನು

ಸಭೆಯಲ್ಲಿ ಕೇಳಲು ಆಗದವರಿಗೆ ಮಾಹಿತಿ ಹಕ್ಕು ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಬರೆದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ.

ವೇಮಗಲ್ ಎ ಶಿಫ್ಟ್

ತಮ್ಮಾ, ರಾತ್ರಿ ಯುಎಎನ್ ನೋಡಿದೆ. ನಡುವೆ ಮೂರು ತಿಂಗಳು ಖಾಲಿ. ಸಂಬಳದಲ್ಲಿ ಹಿಡಿದಿದ್ದಾರೆ, ಮೆಸೇಜ್ ಇದೆ. ಕಂಪನಿ ಖಾಸಗಿ, ಅವರನ್ನು ಮಾಹಿತಿ ಹಕ್ಕಿನಲ್ಲಿ ಕೇಳಲು ಆಗಲ್ಲ ಅಂತ ನಮ್ಮ ಲೈನಿನವರು ಹೇಳುತ್ತಾರೆ. ‘ನಮ್ಮ ಪಿಎಫ್ ಯಾಕೆ ಕಟ್ಟಿಲ್ಲ, ಏಜೆನ್ಸಿ ಮೇಲೆ ಯಾಕೆ ಕ್ರಮ ಇಲ್ಲ’ ಅಂತ ಬರೆದರೆ ಆಗುತ್ತಾ?

ಕಾನೂನು ಕಲಿಯುವವನು

ಪಿಎಫ್‌ಗೆ ಮೊದಲು ಇಪಿಎಫ್‌ಒ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ, ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಸೇರಿಸಿ. ಮಾಹಿತಿ ಹಕ್ಕಿನ ಅರ್ಜಿ ಕಂಪನಿಗೆ ಬೇಡ, ಕಾರ್ಮಿಕ ಇಲಾಖೆಗೆ ಹಾಕಿ. ‘ಯಾಕೆ’ ಅಂತ ಕೇಳಬೇಡಿ ಅಕ್ಕ, ಅವರು ಕಾರಣ ಹೇಳಬೇಕಿಲ್ಲ. ದಾಖಲೆ ಕೇಳಿ. ಏಜೆನ್ಸಿಯ ಪರವಾನಗಿಯ ಪ್ರತಿ, ಆ ಕಾರ್ಖಾನೆಯ ಕಳೆದ ತಪಾಸಣೆ ವರದಿಯ ಪ್ರತಿ. ಇಷ್ಟೇ.

ಗೌರಿಬಿದನೂರು ಮೇಷ್ಟ್ರು

ಮಗಳೇ, ಕರಡು ಇಲ್ಲಿ ಹಾಕು. ಕನ್ನಡ ನಾನು ತಿದ್ದಿಕೊಡುತ್ತೇನೆ. 150 ಪದ ದಾಟದ ಹಾಗೆ ನೋಡಿಕೊಳ್ಳುತ್ತೇನೆ.

ಚಿಂತಾಮಣಿ ಸ್ಪರ್ಧಾರ್ಥಿ

ನಿಮ್ಮ ಹೆಸರು ಹಾಕಿದರೆ ಕೆಲಸಕ್ಕೆ ತೊಂದರೆ ಅನಿಸಿದರೆ ನನ್ನ ಹೆಸರಲ್ಲಿ ಹಾಕೋಣ ಅಕ್ಕ. ಮಾಹಿತಿ ಯಾರು ಬೇಕಾದರೂ ಕೇಳಬಹುದು. ನಾನು ಯಾವ ಕಂಪನಿಯಲ್ಲೂ ಕೆಲಸ ಮಾಡುತ್ತಿಲ್ಲ.

ವೇಮಗಲ್ ಎ ಶಿಫ್ಟ್

ಪಿಎಫ್ ದೂರು ನನ್ನ ಹೆಸರಲ್ಲೇ ಹಾಕುತ್ತೇನೆ, ದುಡ್ಡು ನನ್ನದು. ಮಾಹಿತಿ ಅರ್ಜಿ ಚಿಂತಾಮಣಿ ಅಣ್ಣನ ಹೆಸರಲ್ಲಿ ಇರಲಿ. ಈ ವಾರ ಬಿ ಶಿಫ್ಟ್, ಬೆಳಿಗ್ಗೆ ಬಿಡುವು ಇದೆ. ಮೇಷ್ಟ್ರೇ, ಕರಡು ಬರೆಯುತ್ತಿದ್ದೇನೆ, ಹನ್ನೊಂದರ ಒಳಗೆ ಇಲ್ಲಿ ಹಾಕುತ್ತೇನೆ.